ಸ್ವೇ ಬಾರ್‌ನ ಬುಷ್ ಮತ್ತು ಬೇರಿಂಗ್‌ಗಳು

ಸ್ವೇ ಬಾರ್‌ನ ಬುಷ್ ಮತ್ತು ಬೇರಿಂಗ್‌ಗಳು ಮೋಟಾರು ವಾಹನದ ಸ್ವೇ ಬಾರನ್ನು ಚಾಸಿಗೆ ಜೋಡಿಸುವ ಆಧಾರ ಭಾಗಗಳಾಗಿವೆ. ಸರಳು ತನ್ನ ಅಕ್ಷದ ಸುತ್ತ ತಿರುಗಲು ಇವು ಅವಕಾಶ ನೀಡುತ್ತವೆ. ಆದರೆ ಅದು ಮೇಲಕ್ಕೆ, ಕೆಳಕ್ಕೆ ಅಥವಾ ಹಿಂದೆ ಮುಂದೆ ಸರಿಯದಂತೆ ಹಿಡಿದಿಡುತ್ತವೆ. ದಿನಬಳಕೆಯ ಕಾರುಗಳಲ್ಲಿ ಸಾಮಾನ್ಯವಾಗಿ ರಬ್ಬರ್ ಬುಷ್‌ಗಳಿರುತ್ತವೆ. ಪಂದ್ಯದ ಕಾರುಗಳಲ್ಲಿ ಗಟ್ಟಿಯಾದ ಪ್ಲಾಸ್ಟಿಕ್ ಬುಷ್‌ಗಳನ್ನು ಅಥವಾ ಬೇರಿಂಗ್‌ಗಳನ್ನು ಬಳಸುವುದುಂಟು. ಸ್ವೇ ಬಾರ್‌ಗೆ ಆಂಟಿ-ರೋಲ್ ಬಾರ್ ಮತ್ತು ಸ್ಟೆಬಿಲೈಜರ್ ಬಾರ್ ಎಂಬ ಹೆಸರುಗಳೂ ಇವೆ.

## ಸ್ವೇ ಬಾರ್‌ನ ಕಾರ್ಯ

ಸ್ವೇ ಬಾರ್ ಸ್ಪ್ರಿಂಗ್ ಉಕ್ಕಿನಿಂದ ಮಾಡಿದ, ಎರಡೂ ತುದಿಗಳಲ್ಲಿ ಬಾಗಿಸಿದ ಸರಳು. ಇದರ ಮಧ್ಯಭಾಗ ಕಾರಿನ ಅಡ್ಡಕ್ಕೆ ಹಾದುಹೋಗುತ್ತದೆ. ಬಾಗಿದ ತುದಿಗಳು ಲಿಂಕ್‌ಗಳ ಮೂಲಕ ಎಡ ಮತ್ತು ಬಲ ಚಕ್ರಗಳ ಸಸ್ಪೆನ್ಷನ್‌ಗೆ ಸೇರುತ್ತವೆ. ಎರಡೂ ಚಕ್ರಗಳು ಒಟ್ಟಿಗೆ ಒಂದೇ ಪ್ರಮಾಣದಲ್ಲಿ ಮೇಲೇರಿದಾಗ ಸರಳು ತನ್ನ ಆಧಾರಗಳಲ್ಲಿ ಸುಮ್ಮನೆ ತಿರುಗುತ್ತದೆ. ತಿರುವಿನಲ್ಲಿ ಕಾರು ಒಂದು ಬದಿಗೆ ವಾಲಿದಾಗ ಮಾತ್ರ ಒಂದು ತುದಿ ಮೇಲೇರಿ ಇನ್ನೊಂದು ಕೆಳಗಿಳಿಯುವುದರಿಂದ ಸರಳು ತಿರುಚಿಕೊಳ್ಳುತ್ತದೆ ಮತ್ತು ವಾಲುವಿಕೆಯನ್ನು ಪ್ರತಿರೋಧಿಸುತ್ತದೆ.

ಇಂತಹ ಸರಳಿಗೆ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಫ್ರೆಡೆರಿಕ್ಟನ್‌ನ ಸ್ಟೀಫನ್ ಕೋಲ್ಮನ್ ಅವರು 1919ರಲ್ಲಿ ಪೇಟೆಂಟ್ ಪಡೆದರು. ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಕಾರುಗಳಲ್ಲಿ ಇದು ಅಪರೂಪವಾಗಿತ್ತು. ಮೃದುವಾದ ಕಾಯಿಲ್ ಸ್ಪ್ರಿಂಗ್‌ಗಳ ಬಳಕೆ ಹೆಚ್ಚಿದ ಮೇಲೆ, 1950ರ ದಶಕದಿಂದ ಇದು ಸಾಮಾನ್ಯವಾಯಿತು.

## ಆಧಾರದ ಮಹತ್ವ

ಆಧಾರದ ಮೃದುತ್ವವು ಸ್ವೇ ಬಾರ್‌ನ ವರ್ತನೆಯನ್ನು ಎರಡು ವಿರುದ್ಧ ರೀತಿಗಳಲ್ಲಿ ಬದಲಿಸುತ್ತದೆ.

ಮೊದಲನೆಯದಾಗಿ, ಮೃದುವಾದ ಬುಷ್ ಹೊರೆ ಬಿದ್ದೊಡನೆ ಅದುಮಿಕೊಳ್ಳುತ್ತದೆ. ತುದಿಯ ಚಲನೆಯ ಒಂದು ಪಾಲು ಸರಳನ್ನು ತಿರುಚುವ ಬದಲು ರಬ್ಬರನ್ನು ಅದುಮುವುದರಲ್ಲೇ ವ್ಯಯವಾಗುತ್ತದೆ. ಆದ್ದರಿಂದ ಒಟ್ಟು ದೃಢತೆ ಸರಳಿನ ದೃಢತೆಗಿಂತ ಕಡಿಮೆಯಿರುತ್ತದೆ.

ಎರಡನೆಯದಾಗಿ, ಸರಳನ್ನು ಬಿಗಿಯಾಗಿ ಹಿಡಿದ ಬುಷ್ ಅದರ ತಿರುಗುವಿಕೆಗೆ ತಡೆಯೊಡ್ಡುತ್ತದೆ. ಆಗ ಎರಡೂ ಚಕ್ರಗಳು ಒಟ್ಟಿಗೆ ಏರಿಳಿಯುವಾಗಲೂ ಅನಗತ್ಯ ಪ್ರತಿರೋಧ ಉಂಟಾಗುತ್ತದೆ.

ಆದರ್ಶ ಆಧಾರವು ಸರಳನ್ನು ಅಲುಗಾಡದಂತೆ ಹಿಡಿಯಬೇಕು, ಆದರೆ ನಿರಾತಂಕವಾಗಿ ತಿರುಗಲು ಬಿಡಬೇಕು. ಇದರ ಜೊತೆಗೆ ದೂಳು, ನೀರು ಮತ್ತು ಕಂಪನವನ್ನು ತಾಳಿಕೊಳ್ಳಬೇಕು, ಸದ್ದು ಮಾಡಬಾರದು. ಈ ಎಲ್ಲ ಗುಣಗಳೂ ಒಂದೇ ಭಾಗದಲ್ಲಿ ಪೂರ್ಣವಾಗಿ ದೊರೆಯುವುದಿಲ್ಲ. ಹೀಗಾಗಿ ಬುಷ್ ಮತ್ತು ಬೇರಿಂಗ್‌ಗಳ ನಡುವಿನ ಆಯ್ಕೆಯು ವಾಹನದ ಬಳಕೆಯನ್ನು ಅವಲಂಬಿಸಿರುತ್ತದೆ.

## ಬುಷ್‌ನ ವಿಧಗಳು

ರಬ್ಬರ್: ಕಾರ್ಖಾನೆಯಿಂದ ಬರುವ ಕಾರುಗಳಲ್ಲಿ ಅತಿ ಸಾಮಾನ್ಯ. ಸೀಳಿರುವ ರಬ್ಬರ್ ತುಂಡನ್ನು ಸರಳಿನ ಮೇಲೆ ಕೂರಿಸಿ, ಅದರ ಮೇಲೆ ಲೋಹದ ಪಟ್ಟಿಯನ್ನು ಬೋಲ್ಟ್‌ಗಳಿಂದ ಬಿಗಿಯಲಾಗುತ್ತದೆ. ಕೆಲವು ಕಾರುಗಳಲ್ಲಿ ರಬ್ಬರನ್ನು ಸರಳಿಗೇ ಬೆಸೆದಿರುತ್ತಾರೆ. ಆಗ ಸರಳು ಬುಷ್‌ನೊಳಗೆ ಜಾರುವುದಿಲ್ಲ, ರಬ್ಬರೇ ತಿರುಚಿಕೊಳ್ಳುತ್ತದೆ. ಜಾರುವ ಮೇಲ್ಮೈ ಇಲ್ಲದಿರುವುದರಿಂದ ಕೆಸರು ಒಳಸೇರಿ ಸವೆಯುವ ಸಂಭವ ಕಡಿಮೆ. ರಬ್ಬರ್ ಕಂಪನವನ್ನು ಹೀರಿಕೊಳ್ಳುತ್ತದೆ ಮತ್ತು ಗ್ರೀಸ್ ಬೇಡುವುದಿಲ್ಲ. ಆದರೆ ಕಾಲಕ್ರಮೇಣ ಬಿರುಕು ಬಿಡುತ್ತದೆ. ಪೆಟ್ರೋಲಿಯಂ ಮೂಲದ ಎಣ್ಣೆ ತಗುಲಿದರೆ ನೈಸರ್ಗಿಕ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಪಾಲಿಯುರೆಥೇನ್: ರಬ್ಬರಿಗಿಂತ ಗಟ್ಟಿಯಾದ್ದರಿಂದ ಕಡಿಮೆ ಅದುಮಿಕೊಳ್ಳುತ್ತದೆ, ಕಾರಿನ ಪ್ರತಿಕ್ರಿಯೆ ಚುರುಕಾಗುತ್ತದೆ. ಸರಳು ಇದರೊಳಗೆ ಜಾರಬೇಕಾಗಿರುವುದರಿಂದ ತಯಾರಕರು ಸೂಚಿಸಿದ ಗ್ರೀಸ್ ಅಗತ್ಯ. ಗ್ರೀಸ್ ಒಣಗಿದರೆ ಮೇಲ್ಮೈಗಳು ಅಂಟಿ ಬಿಡುತ್ತಾ ಕಿರುಗುಟ್ಟುತ್ತವೆ.

ಅಸಿಟಾಲ್ ಮತ್ತು ನೈಲಾನ್: ಡೆಲ್ರಿನ್ ಎಂಬ ವ್ಯಾಪಾರನಾಮದಿಂದ ಪರಿಚಿತವಾದ ಅಸಿಟಾಲ್ ಬಹಳ ಗಟ್ಟಿಯಾದ, ನುಣುಪಾದ ಪ್ಲಾಸ್ಟಿಕ್. ಇದು ಬಹುಮಟ್ಟಿಗೆ ಬೇರಿಂಗ್‌ನಂತೆಯೇ ವರ್ತಿಸುತ್ತದೆ. ಸರಳಿನ ಅಳತೆಗೆ ನಿಖರವಾಗಿ ಕೊರೆಯದಿದ್ದರೆ ಸರಳು ಸಿಕ್ಕಿಕೊಳ್ಳುತ್ತದೆ ಅಥವಾ ಕಟಕಟ ಸದ್ದು ಮಾಡುತ್ತದೆ.

## ಬೇರಿಂಗ್‌ನ ವಿಧಗಳು

ಉರುಳು ಬೇರಿಂಗ್: ಇದರಲ್ಲಿ ಗುಂಡುಗಳು ಅಥವಾ ಸೂಜಿಯಾಕಾರದ ರೋಲರ್‌ಗಳಿರುತ್ತವೆ. ತಿರುಗುವಿಕೆಗೆ ಅತ್ಯಂತ ಕಡಿಮೆ ಘರ್ಷಣೆ ಇದರದ್ದೇ ಆದರೂ, ಸ್ವೇ ಬಾರ್‌ಗೆ ಇದು ಸದಾ ಸೂಕ್ತವಲ್ಲ. ಉರುಳು ಬೇರಿಂಗ್ ಸತತವಾಗಿ ಸುತ್ತುವ ಅಕ್ಷಗಳಿಗೆ ರೂಪುಗೊಂಡದ್ದು. ಸುತ್ತುತ್ತಿರುವಾಗ ರೋಲರ್‌ಗಳು ಗ್ರೀಸನ್ನು ಎಲ್ಲೆಡೆ ಹರಡುತ್ತವೆ. ಸ್ವೇ ಬಾರ್ ಕೆಲವೇ ಡಿಗ್ರಿಗಳಷ್ಟು ಹಿಂದೆ ಮುಂದೆ ತೂಗಾಡುವುದರಿಂದ ರೋಲರ್‌ಗಳು ಒಂದೇ ಜಾಗದಲ್ಲಿ ಉಜ್ಜುತ್ತಾ ಗ್ರೀಸನ್ನು ಹೊರತಳ್ಳುತ್ತವೆ. ಕಾಲಾಂತರದಲ್ಲಿ ಅಲ್ಲಿ ಸಣ್ಣ ಸಣ್ಣ ಗುಳಿಗಳು ಬೀಳುತ್ತವೆ. ಇದಕ್ಕೆ ಫಾಲ್ಸ್ ಬ್ರಿನೆಲ್ಲಿಂಗ್ ಎಂದು ಹೆಸರು. ಮುಚ್ಚಳ ಸರಿಯಿಲ್ಲದಿದ್ದರೆ ನೀರು ಸೇರಿ ತುಕ್ಕು ಹಿಡಿಯುತ್ತದೆ.

ಸರಳ ಬೇರಿಂಗ್: ಉರುಳುವ ಭಾಗಗಳಿಲ್ಲದ ಕಂಚಿನ ಅಥವಾ ಟೆಫ್ಲಾನ್ ಒಳಪದರದ ಬಳೆ. ಸಣ್ಣ ಕೋನದ, ಹೆಚ್ಚು ಹೊರೆಯ ತೂಗಾಟಕ್ಕೆ ಉರುಳು ಬೇರಿಂಗ್‌ಗಿಂತ ಇದು ಸಾಮಾನ್ಯವಾಗಿ ಹೆಚ್ಚು ಹೊಂದುತ್ತದೆ.

ಗೋಳಾಕಾರದ ಬೇರಿಂಗ್: ಸ್ವೇ ಬಾರ್ ತಿರುಚಿಕೊಳ್ಳುವುದರ ಜೊತೆಗೆ ಸ್ವಲ್ಪ ಬಾಗುತ್ತದೆ ಕೂಡ. ನೇರ ಕೊಳವೆಯಂತಹ ಗಟ್ಟಿ ಬೇರಿಂಗ್‌ನಲ್ಲಿ ಬಾಗಿದ ಸರಳು ಅಂಚಿಗೆ ಒತ್ತಿ ಸಿಕ್ಕಿಕೊಳ್ಳಬಹುದು. ಎಲ್ಲ ದಿಕ್ಕಿಗೂ ಹೊರಳಬಲ್ಲ ಗೋಳಾಕಾರದ ಬೇರಿಂಗ್ ಈ ತೊಂದರೆಯನ್ನು ನಿವಾರಿಸುತ್ತದೆ.

ಜಾರುವ ಆಧಾರಗಳು ಸರಳನ್ನು ಅಡ್ಡಕ್ಕೆ ಸರಿಯದಂತೆ ತಡೆಯಲಾರವು. ಆದ್ದರಿಂದ ಬೇರಿಂಗ್ ಬಳಸುವಾಗ ಸರಳಿನ ಮೇಲೆ ತಡೆ ಬಳೆಗಳನ್ನು ಬಿಗಿಯಬೇಕಾಗುತ್ತದೆ.

## ಲೆಕ್ಕದ ಉದಾಹರಣೆ

ಘನ ಸರಳಿನ ತಿರುಚು ದೃಢತೆಯು ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ವ್ಯಾಸವನ್ನು 20 ಮಿ.ಮೀ.ನಿಂದ 22 ಮಿ.ಮೀ.ಗೆ ಹೆಚ್ಚಿಸಿದರೆ ದೃಢತೆ ಸುಮಾರು 46 ಪ್ರತಿಶತ ಹೆಚ್ಚುತ್ತದೆ. ಆದರೆ ಸರಳು ಮತ್ತು ಆಧಾರ ಸರಣಿಯಲ್ಲಿ ಜೋಡಿಸಿದ ಎರಡು ಸ್ಪ್ರಿಂಗ್‌ಗಳಂತೆ ವರ್ತಿಸುವುದರಿಂದ ಈ ಲಾಭ ಪೂರ್ಣವಾಗಿ ದಕ್ಕುವುದಿಲ್ಲ. ಮೂಲ ಸರಳಿನ ದೃಢತೆ ಪ್ರತಿ ಮಿ.ಮೀ.ಗೆ 30 ನ್ಯೂಟನ್, ಮೃದು ಆಧಾರದ್ದು 120 ಮತ್ತು ಗಟ್ಟಿ ಆಧಾರದ್ದು 480 ಎಂದು ಊಹಿಸಿಕೊಂಡರೆ ಒಟ್ಟು ದೃಢತೆ ಹೀಗಿರುತ್ತದೆ:

| ಸರಳಿನ ವ್ಯಾಸ | ಮೃದು ಆಧಾರ | ಗಟ್ಟಿ ಆಧಾರ |
|---|---|---|
| 20 ಮಿ.ಮೀ. | 24.0 | 28.2 |
| 22 ಮಿ.ಮೀ. | 32.2 | 40.2 |

ಮೂಲ ಸರಳನ್ನೇ ಉಳಿಸಿ ಆಧಾರವನ್ನು ಮಾತ್ರ ಗಟ್ಟಿಗೊಳಿಸಿದರೆ ದೊರೆಯುವ ಹೆಚ್ಚಳ ಸುಮಾರು 18 ಪ್ರತಿಶತ. ಮೃದು ಆಧಾರದಲ್ಲೇ ದಪ್ಪ ಸರಳನ್ನು ಕೂರಿಸಿದರೆ ಹೆಚ್ಚಳ 46ರ ಬದಲು 34 ಪ್ರತಿಶತಕ್ಕೆ ಇಳಿಯುತ್ತದೆ. ಸರಳು ದಪ್ಪವಾದಷ್ಟೂ ಗಟ್ಟಿ ಆಧಾರದ ಪ್ರಯೋಜನ ಹೆಚ್ಚು ಎಂಬುದು ಇದರಿಂದ ತಿಳಿಯುತ್ತದೆ. ಗಟ್ಟಿ ಬುಷ್‌ನಿಂದ ಇನ್ನೂ ಗಟ್ಟಿಯಾದ ಬೇರಿಂಗ್‌ಗೆ ಬದಲಾಯಿಸಿದರೂ ಉಳಿದಿರುವ ಲಾಭ ಅಲ್ಪ: ಆಧಾರ ಎಷ್ಟೇ ಗಟ್ಟಿಯಾದರೂ ಒಟ್ಟು ದೃಢತೆ ಸರಳಿನ ದೃಢತೆಯನ್ನು ಮೀರದು.

## ಆಯ್ಕೆ

* ದಿನನಿತ್ಯದ ರಸ್ತೆ ಬಳಕೆ: ರಬ್ಬರ್ ಬುಷ್ ಸೂಕ್ತ. ಮಳೆಗಾಲದ ಕೆಸರು, ಮಣ್ಣಿನ ದಾರಿ ಮತ್ತು ರಸ್ತೆ ಉಬ್ಬುಗಳನ್ನು ಎದುರಿಸುವ ಕಾರುಗಳಿಗೆ ಇದರ ನಿರ್ವಹಣೆ ಸುಲಭ.
* ರಸ್ತೆ ಮತ್ತು ಆಗಾಗ ಟ್ರ್ಯಾಕ್ ಬಳಕೆ: ಪಾಲಿಯುರೆಥೇನ್ ಬುಷ್, ನಿಯತವಾಗಿ ಗ್ರೀಸ್ ಹಾಕಬೇಕು.
* ಪಂದ್ಯದ ಕಾರು: ಅಸಿಟಾಲ್ ಬುಷ್, ಸರಳ ಅಥವಾ ಗೋಳಾಕಾರದ ಬೇರಿಂಗ್. ಇಂಡಿಕಾರ್ ಪಂದ್ಯಗಳಲ್ಲಿ ಚಾಲಕರು ಓಡಿಸುತ್ತಲೇ ಸ್ವೇ ಬಾರ್‌ನ ದೃಢತೆಯನ್ನು ಬದಲಿಸಿಕೊಳ್ಳುತ್ತಾರೆ. ಆಧಾರದಲ್ಲಿ ಘರ್ಷಣೆಯಿದ್ದರೆ ಅಂತಹ ಸೂಕ್ಷ್ಮ ಹೊಂದಾಣಿಕೆಯ ಪರಿಣಾಮ ಮಸುಕಾಗುತ್ತದೆ.

ಬದಲಾವಣೆಯನ್ನು ಒಂದೇ ಆಕ್ಸಲ್‌ಗೆ ಮಾಡುವಾಗ ಎಚ್ಚರ ಅಗತ್ಯ. ಮುಂಭಾಗದ ದೃಢತೆ ಹೆಚ್ಚಾದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಮೊದಲು ಹಿಡಿತ ಕಳೆದುಕೊಂಡು ಕಾರು ಹೊರಕ್ಕೆ ಜಾರುವ ಪ್ರವೃತ್ತಿ ಹೆಚ್ಚುತ್ತದೆ. ಹಿಂಭಾಗದ ದೃಢತೆ ಹೆಚ್ಚಾದರೆ ಹಿಂಬದಿ ಜಾರಿ ಕಾರು ಗಿರಕಿ ಹೊಡೆಯುವ ಅಪಾಯವಿದೆ. ಸಿಕ್ಕಿಕೊಂಡ ಬುಷ್ ಕೂಡ ಇದೇ ಪರಿಣಾಮವನ್ನು ಅನಿರೀಕ್ಷಿತವಾಗಿ ಉಂಟುಮಾಡಬಲ್ಲದು.

## ಸವೆತ ಮತ್ತು ಪರಿಶೀಲನೆ

ಸವೆದ ಬುಷ್‌ನ ಸಾಮಾನ್ಯ ಲಕ್ಷಣಗಳು ಉಬ್ಬುಗಳ ಮೇಲೆ ಕೇಳುವ ಟಕಟಕ ಸದ್ದು ಮತ್ತು ತಿರುವಿನಲ್ಲಿ ತಡವಾಗಿ ಬರುವ ಪ್ರತಿಕ್ರಿಯೆ. ಸವೆದ ಲಿಂಕ್‌ಗಳೂ ಇದೇ ಸದ್ದು ಮಾಡುವುದರಿಂದ ಎರಡನ್ನೂ ಪರೀಕ್ಷಿಸಬೇಕು.

ಪರಿಶೀಲನೆಗೆ ಕಾರನ್ನು ಭದ್ರವಾದ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ, ಎರಡೂ ಚಕ್ರಗಳನ್ನು ಸಮನಾಗಿ ಎತ್ತಬೇಕು. ಒಂದೇ ಬದಿ ಎತ್ತಿದರೆ ತಿರುಚಿಕೊಂಡ ಸರಳು ಲಿಂಕ್ ಬಿಚ್ಚಿದಾಗ ಸಿಡಿಯಬಹುದು. ಜಾರುವ ಬುಷ್ ಅಥವಾ ಬೇರಿಂಗ್ ಇರುವ ಕಾರಿನಲ್ಲಿ ಎರಡೂ ಲಿಂಕ್‌ಗಳನ್ನು ಬಿಚ್ಚಿ ಸರಳನ್ನು ಕೈಯಿಂದ ಎತ್ತಿ ಬಿಟ್ಟಾಗ ಅದು ತಡೆಯಿಲ್ಲದೆ ಕೆಳಗಿಳಿಯಬೇಕು. ಇಳಿಯದಿದ್ದರೆ ಅಳತೆ, ಜೋಡಣೆಯ ನೇರ ಅಥವಾ ಗ್ರೀಸ್‌ನಲ್ಲಿ ದೋಷವಿದೆ ಎಂದರ್ಥ. ರಬ್ಬರ್ ಬುಷ್‌ಗಳಿಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ. ಅವುಗಳಲ್ಲಿ ಬಿರುಕು ಮತ್ತು ಸರಳಿನ ಸುತ್ತಲಿನ ಸಡಿಲವನ್ನು ನೋಡಬೇಕು. ಬುಷ್‌ಗಳನ್ನು ಎಡ ಬಲ ಜೊತೆಯಾಗಿಯೇ ಬದಲಿಸುವುದು ವಾಡಿಕೆ.