ಬೀದರ್ ರೈಲುಮಾರ್ಗ ಮತ್ತು ಮದ್ಯಸಾಗಣೆಯ ಕಾನೂನು: ಬಾಲ್ಸರಾ ತೀರ್ಪಿನ ಹಿನ್ನೆಲೆಯಲ್ಲಿ

ವಿಕಾರಾಬಾದಿನಿಂದ ಪರಳಿಯತ್ತ ಸಾಗುವ ರೈಲುಮಾರ್ಗವು ಜಹೀರಾಬಾದ್, ಬೀದರ್, ಭಾಲ್ಕಿ, ಕಮಲನಗರಗಳನ್ನು ದಾಟಿ ಉದಗೀರನ್ನು ಸೇರುತ್ತದೆ. ನಿಜಾಮರ ಕಾಲದಲ್ಲಿ ಇವೆಲ್ಲವೂ ಒಂದೇ ಸಂಸ್ಥಾನದ ನಿಲ್ದಾಣಗಳು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರಿಗೂ, ಉದಗೀರ್ ಮುಂಬಯಿಗೂ, ಜಹೀರಾಬಾದ್ ಆಂಧ್ರಕ್ಕೂ ಸೇರಿದವು. ಹಳಿ ಮಾತ್ರ ಒಂದೇ ಉಳಿಯಿತು. 1959ರಲ್ಲಿ ಮುಂಬಯಿ ಪಾನನಿರೋಧ ಕಾಯಿದೆ ಮರಾಠವಾಡಕ್ಕೂ ವಿಸ್ತರಿಸಿತು. ಗಡಿಯ ಈಚೆಗೆ ಹೈದರಾಬಾದ್ ಅಬ್ಕಾರಿ ಕಾಯಿದೆಯಡಿ ಸುಂಕ ತೆತ್ತ ಸರಕು ಆಚೆಗೆ ಅಪರಾಧದ ವಸ್ತುವಾಯಿತು.

ಇಂಥ ಪ್ರಶ್ನೆ ಅಮೆರಿಕದಲ್ಲಿ ಮೊದಲೇ ಎದ್ದಿತ್ತು. ಷಿಕಾಗೋದಿಂದ ಅಯೋವಾಕ್ಕೆ ಬಿಯರ್ ಪೀಪಾಯಿಗಳನ್ನು ಒಯ್ಯಲು ರೈಲ್ವೆ ಕಂಪನಿಯು ಅಯೋವಾದ ಕಾನೂನನ್ನು ಮುಂದೊಡ್ಡಿ ನಿರಾಕರಿಸಿತು. ಅಂತರರಾಜ್ಯ ವಾಣಿಜ್ಯವನ್ನು ರಾಜ್ಯವೊಂದು ಹೀಗೆ ತಡೆಯಲಾಗದೆಂದು 1888ರ ಬೌಮನ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. 1890ರ ಲೀಸಿ ಪ್ರಕರಣವು ಇನ್ನೂ ಮುಂದೆ ಹೋಗಿ, ಮೂಲ ಪೊಟ್ಟಣ ಒಡೆಯುವವರೆಗೆ ಸರಕು ರಾಜ್ಯದ ಅಧಿಕಾರಕ್ಕೆ ಹೊರಗೆಂದಿತು. ಅದನ್ನು ಸರಿಪಡಿಸಲು ಕಾಂಗ್ರೆಸ್ಸು 1890 ಮತ್ತು 1913ರಲ್ಲಿ ಎರಡು ಶಾಸನಗಳನ್ನು ಮಾಡಬೇಕಾಯಿತು. ಎರಡನೆಯದನ್ನು 1917ರಲ್ಲಿ ನ್ಯಾಯಾಲಯ ಎತ್ತಿಹಿಡಿಯಿತು.

ಈ 'ಮೂಲ ಪೊಟ್ಟಣ'ದ ವಾದವೇ 1951ರಲ್ಲಿ ಬಾಲ್ಸರಾ ಮೊಕದ್ದಮೆಯ ಮೂಲಕ ಭಾರತದ ಸುಪ್ರೀಂ ಕೋರ್ಟಿಗೆ ಬಂದಿತು. ನ್ಯಾಯಮೂರ್ತಿ ಫಜಲ್ ಅಲಿ ಅದನ್ನು ತಿರಸ್ಕರಿಸಿದರು: ಇಲ್ಲಿ ಅಧಿಕಾರಗಳು ಪಟ್ಟಿಗಳಲ್ಲಿ ಸ್ಪಷ್ಟವಾಗಿ ಹಂಚಿಕೆಯಾಗಿವೆ, ಆಮದಿನ ಅಧಿಕಾರ ಕೇಂದ್ರದ್ದೆಂದ ಮಾತ್ರಕ್ಕೆ ಸ್ವಾಧೀನ, ಮಾರಾಟಗಳ ಮೇಲಿನ ಪ್ರಾಂತೀಯ ಅಧಿಕಾರ ಅಳಿಯದು. ಆ ವಾದ ಸುಂಕದ ಗಡಿ ದಾಟಿ ಬರುವ ವಿದೇಶಿ ಮದ್ಯವನ್ನು ಕುರಿತದ್ದು, ನೆರೆರಾಜ್ಯದ್ದನ್ನಲ್ಲ ಎಂಬುದನ್ನು ಹಲವು ಬರಹಗಳು ಮರೆಯುತ್ತವೆ.

ಅಂತರರಾಜ್ಯ ಪ್ರಶ್ನೆಗೆ ಕಲ್ಯಾಣಿ ಸ್ಟೋರ್ಸ್ ತೀರ್ಪೇ ಹೆಚ್ಚು ಹತ್ತಿರ. ಒರಿಸ್ಸಾದಲ್ಲಿ ತಯಾರಾಗದ ಮದ್ಯದ ಮೇಲೆ ಹೊರರಾಜ್ಯದ್ದೆಂದು ಹೆಚ್ಚಿಸಿದ ಸರಿದೂಗಿಸುವ ಸುಂಕವನ್ನು ಅದು ಅಸಿಂಧುಗೊಳಿಸಿತು. ಆದರೆ 1994ರ ಖೋಡೆ ಡಿಸ್ಟಿಲರೀಸ್ ತೀರ್ಪು ಮದ್ಯವ್ಯಾಪಾರಕ್ಕೆ ಮೂಲಭೂತ ಹಕ್ಕಿಲ್ಲವೆಂದಿತು.

1995ರ ಜನವರಿಯಲ್ಲಿ ಆಂಧ್ರಪ್ರದೇಶವು ಪೂರ್ಣ ಪಾನನಿರೋಧ ಜಾರಿಗೊಳಿಸಿತು. 1997ರವರೆಗೆ ಅದು ಉಳಿಯಿತು. ಒಮ್ಮೆ ಉದಗೀರಿನ ಕಡೆ ಕಂಡ ಗೆರೆ ಈಗ ಜಹೀರಾಬಾದಿನ ಕಡೆ ಕಂಡಿತು. ಕರ್ನಾಟಕದ 1965ರ ಅಬ್ಕಾರಿ ಕಾಯಿದೆಯು ಹೊರರಾಜ್ಯದಿಂದ ತರುವುದನ್ನೂ 'ಆಮದು' ಎಂದೇ ಕರೆಯುತ್ತದೆ. ಭಾಲ್ಕಿಯ ಪ್ರಯಾಣಿಕನಿಗೆ ಪಕ್ಕದ ತಾಲ್ಲೂಕು ಕಾನೂನಿನ ಕಣ್ಣಲ್ಲಿ ಹೊರನಾಡಾದದ್ದು ಹೀಗೆ.