ಜೀಪಿಗೆ ಯಾವ ಮೆಟ್ಟು?

ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹರಿಯುವ ಗಾಡಿ ಯಾವ ಕಂಪನಿಯದೇ ಇರಲಿ, ನಮ್ಮ ಜನ ಅದನ್ನು ಜೀಪು ಎಂದೇ ಕರೆಯುತ್ತಾರೆ. ಅದರ ಎಂಜಿನ್ನು, ಗೇರು, ಏರು ಹತ್ತುವ ತಾಕತ್ತಿನ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲವರು ಕೂಡ ಟೈರು ಸವೆದಾಗ ಅಂಗಡಿಯ ಮುಂದೆ ನಿಂತು ತಬ್ಬಿಬ್ಬಾಗುವುದುಂಟು. ಸಾಲಾಗಿ ಇಟ್ಟ ಟೈರುಗಳಲ್ಲಿ ಒಂದರ ಮೈ ಹೆಚ್ಚುಕಡಿಮೆ ನುಣುಪು, ಇನ್ನೊಂದರದು ಹಲಸಿನ ಹಣ್ಣಿನಂತೆ ಮುಳ್ಳುಮುಳ್ಳು. ಮುಳ್ಳಿನದೇ ಗಟ್ಟಿ, ಅದೇ ಜೀಪಿಗೆ ಒಪ್ಪುವಂಥದ್ದು ಎಂದು ಕಣ್ಣು ಹೇಳುತ್ತದೆ. ಕಣ್ಣಿನ ಈ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು? ಉತ್ತರ ಬೇಕಾದರೆ ಟೈರಿನ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಬೇಕು. ಏಕೆಂದರೆ ಟೈರಿನ ಮೇಲಿನ ಒಂದೊಂದು ಗೆರೆಯೂ ಯಾವುದೋ ಒಂದು ನೆಲದ ಬೇಡಿಕೆಗೆ ಮನುಷ್ಯ ಕೊಟ್ಟ ಉತ್ತರ.

ಮೊದಲು ಒಂದು ಸಣ್ಣ ಲೆಕ್ಕ. 1800 ಕಿಲೊ ತೂಗುವ ಗಾಡಿಯಲ್ಲಿ ಒಂದೊಂದು ಚಕ್ರದ ಮೇಲೆ ಬೀಳುವ ಭಾರ ಸುಮಾರು 450 ಕಿಲೊ. ಅಷ್ಟು ಭಾರ ಹೊತ್ತ ಟೈರು ಗಟ್ಟಿ ರಸ್ತೆಗೆ ತಾಗುವ ಜಾಗ ಹೆಚ್ಚುಕಡಿಮೆ ಒಬ್ಬ ಮನುಷ್ಯನ ಹೆಜ್ಜೆಗುರುತಿನಷ್ಟು ಮಾತ್ರ. ಓಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಈ ನಾಲ್ಕು ಹೆಜ್ಜೆಗಳ ಹಿಡಿತದಿಂದಲೇ ಆಗಬೇಕು. ನಾಲ್ಕೂ ಚಕ್ರಕ್ಕೆ ಬಲ ಕೊಟ್ಟರೆ ಗಾಡಿ ಕೆಸರಿನಿಂದ ಎದ್ದು ಹೊರಡಲು ಅನುಕೂಲ, ನಿಜ. ಆದರೆ ನಿಲ್ಲಿಸುವಾಗ ಅದರಿಂದ ಉಪಕಾರವೇನೂ ಇಲ್ಲ. ಬ್ರೇಕು ಸಾಧಾರಣ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ಹೊರಡುವ ಶಕ್ತಿಯನ್ನು ಕಂಡು ನಿಲ್ಲುವ ಶಕ್ತಿಯೂ ಇದೆಯೆಂದು ಭ್ರಮಿಸುವುದೇ ಜೀಪು ಓಡಿಸುವವರ ಮೊದಲ ಅಪಾಯ.

ಕಬ್ಬಿಣದ ಪಟ್ಟಿಯಿಂದ ಗಾಳಿಯವರೆಗೆ

ಇಂಗ್ಲಿಷಿನ 'ಟೈರ್' ಎಂಬ ಮಾತು ಮೊದಲು ಸೂಚಿಸುತ್ತಿದ್ದುದು ರಬ್ಬರನ್ನಲ್ಲ, ಗಾಡಿಯ ಮರದ ಚಕ್ರಕ್ಕೆ ತೊಡಿಸುವ ಕಬ್ಬಿಣದ ಪಟ್ಟಿಯನ್ನು. ನಮ್ಮ ಹಳ್ಳಿಯ ಕಮ್ಮಾರರು ಪಟ್ಟಿಯನ್ನು ಕೆಂಪಗೆ ಕಾಯಿಸಿ, ಎತ್ತಿನ ಬಂಡಿಯ ಚಕ್ರಕ್ಕೆ ಕೂರಿಸಿ, ನೀರು ಸುರಿದು ಬಿಗಿಸುತ್ತಿದ್ದುದನ್ನು ಕಂಡವರಿಗೆ ಇದು ಹೊಸದೇನಲ್ಲ. ರಬ್ಬರು ಆ ಸ್ಥಾನಕ್ಕೆ ಬಂದದ್ದು ತಡವಾಗಿ. ಬಿಸಿಲಿಗೆ ಅಂಟಾಗಿ ಚಳಿಗೆ ಬಿರುಸಾಗುತ್ತಿದ್ದ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಹದಗೊಳ್ಳುತ್ತದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟು ಪಡೆದಿದ್ದರೂ ಕಾಲ ಅದಕ್ಕೆ ಸಿದ್ಧವಾಗಿರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಅದನ್ನೇ ಮತ್ತೆ ಕಂಡುಹಿಡಿದಾಗ ಜಗತ್ತು ಕಣ್ಣು ಬಿಟ್ಟಿತು.

ಜೀಪಿನ ಕಥೆ ಶುರುವಾಗುವುದು 1940ರಲ್ಲಿ. ಯುರೋಪಿನ ಯುದ್ಧ ತನ್ನ ಬಾಗಿಲಿಗೂ ಬರಬಹುದೆಂದು ಅರಿತ ಅಮೆರಿಕದ ಸೇನೆ, ಹಗುರವಾದ, ನಾಲ್ಕೂ ಚಕ್ರಕ್ಕೆ ಬಲವಿರುವ ಗಾಡಿಯೊಂದನ್ನು ಮಾಡಿಕೊಡಿ ಎಂದು ತಯಾರಕರನ್ನು ಕೇಳಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಮೊದಲ ಮಾದರಿಯನ್ನು ಕೊಟ್ಟಿತು. ಬಳಿಕ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು.

ಈ ಜೀಪಿಗೆ ಹಾಕಿದ ಟೈರಿನ ಅಳತೆ 6.00-16. ಎಂದರೆ ಆರು ಅಂಗುಲ ಅಗಲ, ಒಳಗಿನ ರಿಮ್ಮಿನ ಅಡ್ಡಳತೆ ಹದಿನಾರು ಅಂಗುಲ. ಅದರ ಮೈಮೇಲಿನ ದಪ್ಪ ಪಟ್ಟಿಗಳನ್ನು ಎರಡೂ ಕಡೆಗೆ ಸಮನಾಗಿ ಜೋಡಿಸಲಾಗಿತ್ತು. ಟ್ರ್ಯಾಕ್ಟರಿನ ಹಿಂದಿನ ಟೈರನ್ನು ನೋಡಿ. ಅದರ ಓರೆ ಪಟ್ಟಿಗಳು ಮುಂದೆ ಹೋಗುವಾಗ ಕೆಸರನ್ನು ಹೊರಕ್ಕೆ ತಳ್ಳುತ್ತವೆ, ಹಿಂದೆ ಬರುವಾಗ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಯುದ್ಧಭೂಮಿಯಲ್ಲಿ ಹಿಂದಕ್ಕೆ ಸರಿಯುವುದೂ ಮುಂದೆ ನುಗ್ಗುವಷ್ಟೇ ಮುಖ್ಯ. ಆದ್ದರಿಂದ ಎತ್ತ ಓಡಿದರೂ ಒಂದೇ ಹಿಡಿತ ಕೊಡುವ ಟೈರು ಬೇಕಾಯಿತು. ಕೆಸರು, ಕಲ್ಲು, ಟಾರು ಎಲ್ಲಕ್ಕೂ ಒಂದೇ ಟೈರು. ಎಲ್ಲದರಲ್ಲೂ ಸಾಗುತ್ತದೆ, ಯಾವುದರಲ್ಲೂ ಅತ್ಯುತ್ತಮವಲ್ಲ. ಯುದ್ಧದಲ್ಲಿ ಅಷ್ಟೇ ಸಾಕಾಗಿತ್ತು.

ಆ ಟೈರಿಗೆ ರಬ್ಬರು ಸಿಗುವುದೇ ಒಂದು ಯುದ್ಧವಾಯಿತು. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲ್ಲಿನಿಂದ ಸಾಗಿಸಿದ ಬೀಜಗಳಿಂದ ಬೆಳೆದ ರಬ್ಬರು ತೋಟಗಳು ಆಗ್ನೇಯ ಏಷ್ಯಾವನ್ನು ಆವರಿಸಿದ್ದವು. 1942ರ ಮೊದಲ ತಿಂಗಳುಗಳಲ್ಲಿ ಜಪಾನು ಮಲಯ ಮತ್ತು ಡಚ್ಚರ ಈಸ್ಟ್ ಇಂಡೀಸನ್ನು ವಶಪಡಿಸಿಕೊಂಡಾಗ ಅಮೆರಿಕಕ್ಕೆ ಬರುತ್ತಿದ್ದ ಸಹಜ ರಬ್ಬರಿನಲ್ಲಿ ಸುಮಾರು ಶೇ 90ರಷ್ಟು ನಿಂತುಹೋಯಿತು. ಅಮೆರಿಕದಲ್ಲಿ ರೇಷನ್ನಿಗೆ ಒಳಪಟ್ಟ ಮೊದಲ ವಸ್ತು ಸಕ್ಕರೆಯಲ್ಲ, ಪೆಟ್ರೋಲಲ್ಲ, ಟೈರು. ಗಂಟೆಗೆ 35 ಮೈಲಿಗಿಂತ ವೇಗವಾಗಿ ಓಡಿಸಬಾರದೆಂದು ಅಲ್ಲಿನ ಸರಕಾರ ಕಟ್ಟುಮಾಡಿತು. ಆ ವರ್ಷದ ಕೊನೆಗೆ ದೇಶಾದ್ಯಂತ ಪೆಟ್ರೋಲಿಗೆ ರೇಷನ್ ತಂದದ್ದು ಕೂಡ ಮುಖ್ಯವಾಗಿ ಟೈರು ಉಳಿಸಲೆಂದೇ. ಈ ಒತ್ತಡದಲ್ಲೇ ಕೃತಕ ರಬ್ಬರಿನ ದೊಡ್ಡ ಕಾರ್ಖಾನೆಗಳು ಎದ್ದವು. ಇಂದಿನ ಟೈರಿನಲ್ಲಿ ಸಹಜ ಮತ್ತು ಕೃತಕ ರಬ್ಬರು ಬೆರೆತಿರುವುದರ ಹಿಂದೆ ಆ ದಿನಗಳ ನೆನಪಿದೆ.

ಮರಳಿನ ಪಾಠ, ಕೆಸರಿನ ಪಾಠ

ನೆಲ ಬದಲಾದರೆ ಟೈರಿನ ನಿಯಮವೂ ಬದಲಾಗುತ್ತದೆ ಎಂಬುದನ್ನು ಚೆನ್ನಾಗಿ ಕಲಿಸಿದ್ದು ಮರುಭೂಮಿ. ಬ್ರಿಟಿಷ್ ಸೇನೆಯ ರಾಲ್ಫ್ ಬ್ಯಾಗ್ನಲ್ಡ್ ಯುದ್ಧಕ್ಕೆ ಮೊದಲೇ ಲಿಬಿಯಾ ಮರುಭೂಮಿಯಲ್ಲಿ ಕಾರುಗಳನ್ನು ಓಡಿಸಿ, ಮರಳಿನಲ್ಲಿ ಟೈರಿನ ಗಾಳಿ ಇಳಿಸಿದರೆ ಅದು ಅಗಲವಾಗಿ ಹರಡಿ, ಹೂಳದೆ ತೇಲುತ್ತದೆಂದು ತೋರಿಸಿದ್ದ. 1940ರಲ್ಲಿ ಅವನು ಕಟ್ಟಿದ ಮರುಭೂಮಿ ಗಸ್ತು ಪಡೆ ಇದೇ ವಿದ್ಯೆಯನ್ನು ಬಳಸಿತು. ಮರಳಿಗೆ ಅಗಲ ಟೈರು ಬೇಕು, ಚೂಪು ಮುಳ್ಳು ಬೇಡ. ಮುಳ್ಳು ಮರಳನ್ನು ಅಗೆದು ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ.

ಕೆಸರಿನ ಪಾಠ ಬೇರೆ. ಮೇಲೆ ಒಂದು ಗೇಣು ರಾಡಿ, ಕೆಳಗೆ ಗಟ್ಟಿ ನೆಲ ಇರುವಲ್ಲಿ ಕಿರಿದಾದ ಟೈರು ರಾಡಿಯನ್ನು ಸೀಳಿ ಗಟ್ಟಿ ನೆಲವನ್ನು ಮುಟ್ಟುತ್ತದೆ. ಹಳೆಯ ಜೀಪಿನ ಆರು ಅಂಗುಲದ ಟೈರು ನಮ್ಮ ಮಲೆನಾಡಿಗೆ ಒಗ್ಗಿದ್ದಕ್ಕೆ ಇದೂ ಒಂದು ಕಾರಣ. ಯುದ್ಧ ಮುಗಿದ ಮೇಲೆ ಸೇನೆ ಮಾರಿದ ಡಿಸ್ಪೋಸಲ್ ಜೀಪುಗಳು, 1947ರಿಂದ ಮುಂಬಯಿಯಲ್ಲಿ ಮಹೀಂದ್ರ ಕಂಪನಿ ಜೋಡಿಸತೊಡಗಿದ ವಿಲ್ಲಿಸ್ ಜೀಪುಗಳು ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಿಗೂ ಬಂದವು. ಮಳೆಗಾಲದಲ್ಲಿ ಟೈರೂ ಸಾಲದೆಂದು ಚಕ್ರಕ್ಕೆ ಕಬ್ಬಿಣದ ಸರಪಳಿ ಸುತ್ತುವುದು ಅಲ್ಲಿಯ ರೂಢಿ. ಟಾರು ರಸ್ತೆ ಸಿಕ್ಕ ಕೂಡಲೇ ಸರಪಳಿಯನ್ನು ಬಿಚ್ಚುತ್ತಾರೆ. ಕೆಸರಿಗೆ ಬೇಕಾದದ್ದು ಟಾರಿಗೆ ಬೇಡ ಎಂಬ ತತ್ತ್ವ ಆ ಬಿಚ್ಚುವಿಕೆಯಲ್ಲೇ ಇದೆ.

ಅಂದಿನ ಟೈರಿನ ಒಳಗೆ ನೂಲಿನ ಪದರಗಳು ಒಂದರ ಮೇಲೊಂದು ಓರೆಯಾಗಿ, ಕತ್ತರಿಯಂತೆ ಹಾಯ್ದಿರುತ್ತಿದ್ದವು. ನಮ್ಮಲ್ಲಿ ನೈಲಾನ್ ಟೈರು ಎನ್ನುವುದು ಇದನ್ನೇ. ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಪೇಟೆಂಟು ಪಡೆದು 1949ರಲ್ಲಿ ಮಾರುಕಟ್ಟೆಗೆ ತಂದ ರೇಡಿಯಲ್ ಟೈರಿನಲ್ಲಿ ನೂಲುಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಸಾಗುತ್ತವೆ, ಅವುಗಳ ಮೇಲೆ ಉಕ್ಕಿನ ತಂತಿಯ ಪಟ್ಟಿ ಕೂರುತ್ತದೆ. ಪಕ್ಕದ ಗೋಡೆ ಬಳುಕಿದರೂ ನೆಲ ಮುಟ್ಟುವ ಭಾಗ ಸಪಾಟಾಗಿರುತ್ತದೆ. ಹಿಡಿತ ಹೆಚ್ಚು, ಬಾಳಿಕೆ ಹೆಚ್ಚು, ಇಂಧನವೂ ಉಳಿತಾಯ. ಆದರೆ ಬಳುಕುವ ಆ ಗೋಡೆಗೆ ಚೂಪು ಕಲ್ಲಿನ ಭಯ ಇದ್ದೇ ಇದೆ. ಕಲ್ಲು ದಾರಿಯ ಜನ ಬಹಳ ಕಾಲ ನೈಲಾನ್ ಟೈರನ್ನು ಬಿಡದಿದ್ದುದು ಬರೀ ಹಟದಿಂದಲ್ಲ. ಎರಡು ಜಾತಿಯನ್ನು ಒಂದೇ ಗಾಡಿಯಲ್ಲಿ ಬೆರೆಸುವುದು ಮಾತ್ರ ಕೂಡದು. ತಿರುವಿನಲ್ಲಿ ಎರಡರ ನಡತೆ ಬೇರೆಬೇರೆ.

ಒಂದೇ ಟೈರಿಗೆ ಎಲ್ಲ ನೆಲ ಎಂಬ ಯುದ್ಧಕಾಲದ ಸೂತ್ರ ಮುಂದೆ ಮೂರು ಕವಲಾಯಿತು. ಹೆದ್ದಾರಿಗೆಂದು ಮಾಡಿದ್ದು ಎಚ್.ಟಿ., ಕೆಸರಿಗೆಂದು ಮಾಡಿದ್ದು ಎಂ.ಟಿ., ಎರಡರ ನಡುವಿನದು ಎ.ಟಿ. ಈ ನಡುವಿನ ಬಗೆಯನ್ನು ರೇಡಿಯಲ್ ರೂಪದಲ್ಲಿ ಜನಪ್ರಿಯಗೊಳಿಸಿದ್ದು 1976ರಲ್ಲಿ ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿ ತಂದ ಟೈರು. ಎಂ.ಟಿ. ಟೈರಿನ ಉಬ್ಬುಗಳ ನಡುವಿನ ಅಗಲವಾದ ತೋಡು ಕೆಸರನ್ನು ಕೊಡವಿಹಾಕಲು ಇರುವಂಥದ್ದು. ಅದೇ ತೋಡಿನಿಂದಾಗಿ ಟಾರು ರಸ್ತೆಗೆ ತಾಗುವ ರಬ್ಬರು ಕಡಿಮೆಯಾಗುತ್ತದೆ. ಮಳೆಯಲ್ಲಿ ಒದ್ದೆಯಾದ ಟಾರಿನ ಮೇಲೆ ಬ್ರೇಕು ಒತ್ತಿದಾಗ ಮುಳ್ಳಿನ ಟೈರು ಹೆಚ್ಚು ದೂರ ಸಾಗಿ ನಿಲ್ಲುತ್ತದೆ. ಆ ಹೆಚ್ಚಿನ ದೂರದಲ್ಲಿ ರಸ್ತೆ ದಾಟುತ್ತಿರುವ ಶಾಲೆಯ ಹುಡುಗ ಇರಬಹುದು. ಕಣ್ಣು ಗಟ್ಟಿಯೆಂದು ಕಂಡದ್ದು ಜೀವಕ್ಕೆ ಗಟ್ಟಿಯಲ್ಲದೆ ಹೋಗುವುದು ಹೀಗೆ.

ಜೋಡೆತ್ತಿನ ನ್ಯಾಯ

ಎರಡು ಚಕ್ರಕ್ಕೆ ಮಾತ್ರ ಬಲವಿರುವ ಕಾರಿಗೆ ಸವೆದ ಎರಡು ಟೈರನ್ನಷ್ಟೇ ಬದಲಿಸಿ ಕಾಲ ತಳ್ಳಬಹುದು. ಜೀಪಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಹಳೆಯ ಬಗೆಯ ಜೀಪಿನಲ್ಲಿ ನಾಲ್ಕು ಚಕ್ರದ ಗೇರು ಹಾಕಿದರೆ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ಮುಂದೆ ಹೊಸ ಟೈರು, ಹಿಂದೆ ಸವೆದ ಟೈರು ಇದ್ದರೆ ಸುತ್ತಳತೆ ಬೇರೆಯಾಗುತ್ತದೆ. ಒಂದು ಸುತ್ತಿಗೆ ಒಂದು ಚಕ್ರ ಹೆಚ್ಚು ದೂರ, ಇನ್ನೊಂದು ಕಡಿಮೆ ದೂರ ಹೋಗಲು ನೋಡುತ್ತದೆ. ಎತ್ತರದ ಎತ್ತನ್ನೂ ಗಿಡ್ಡ ಎತ್ತನ್ನೂ ಒಂದೇ ನೊಗಕ್ಕೆ ಕಟ್ಟಿದಂತೆ. ಕೆಸರಿನಲ್ಲಿ ಚಕ್ರ ಜಾರಿ ಈ ಎಳೆದಾಟ ಸಡಿಲಗೊಳ್ಳುತ್ತದೆ. ಒಣ ಟಾರಿನಲ್ಲಿ ಸಡಿಲಗೊಳ್ಳಲು ದಾರಿಯಿಲ್ಲದೆ ಗೇರುಗಳು ಸವೆಯುತ್ತವೆ. ಅದಕ್ಕೇ ಇಂಥ ಗಾಡಿಯಲ್ಲಿ ಒಣ ಟಾರಿನ ಮೇಲೆ ನಾಲ್ಕು ಚಕ್ರದ ಗೇರು ಹಾಕಬಾರದು, ಟೈರು ಬದಲಿಸುವಾಗ ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕು ಎನ್ನುವುದು. ಆಗಾಗ ಟೈರುಗಳ ಜಾಗ ಅದಲುಬದಲು ಮಾಡುತ್ತಿದ್ದರೆ ನಾಲ್ಕೂ ಸಮನಾಗಿ ಸವೆಯುತ್ತವೆ.

ಐದನೆಯದನ್ನು ಮರೆಯುವಂತಿಲ್ಲ. ನಾವು ಸ್ಟೆಪ್ನಿ ಎನ್ನುವ ಈ ಮಾತು ಹುಟ್ಟಿದ್ದು ವೇಲ್ಸ್‌ನ ಲನೆಲ್ಲಿ ಊರಿನಲ್ಲಿ. ಅಲ್ಲಿಯ ಸ್ಟೆಪ್ನಿ ಬೀದಿಯಲ್ಲಿ ಇಬ್ಬರು ಸೋದರರು 1904ರಲ್ಲಿ ಬಿಡಿ ಚಕ್ರ ಮಾಡಿ ಮಾರತೊಡಗಿದರು. ಆ ಬೀದಿಯ ಹೆಸರು ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಇಂದಿಗೂ ಬದುಕಿದೆ. ಜೀಪಿನ ಸ್ಟೆಪ್ನಿಯೂ ಉಳಿದ ನಾಲ್ಕರ ಅಳತೆಯದೇ ಆಗಿರಬೇಕು ಎಂಬುದಕ್ಕೆ ಕಾರಣ ಅದೇ ಜೋಡೆತ್ತಿನ ನ್ಯಾಯ.

ಅಳತೆಯನ್ನು ಟೈರಿನ ಪಕ್ಕದ ಗೋಡೆಯೇ ಹೇಳುತ್ತದೆ. 245/75 ಆರ್ 16 ಎಂದಿದ್ದರೆ ಅಗಲ 245 ಮಿಲಿಮೀಟರು, ಗೋಡೆಯ ಎತ್ತರ ಅದರ ಶೇ 75, ರೇಡಿಯಲ್ ಜಾತಿ, 16 ಅಂಗುಲದ ರಿಮ್ಮು. ಲೆಕ್ಕ ಹಾಕಿದರೆ ಚಕ್ರದ ಒಟ್ಟು ಎತ್ತರ ಸುಮಾರು 774 ಮಿಲಿಮೀಟರು. ಚೆಂದಕ್ಕೆಂದು 265/75 ಆರ್ 16 ಹಾಕಿಸಿದರೆ ಅದು 804 ಆಗುತ್ತದೆ. ಮುಳ್ಳು 80 ಕಿಲೊಮೀಟರು ತೋರಿಸುವ ಕಡೆ ಗಾಡಿ 83ರಲ್ಲಿ ಓಡುತ್ತಿರುತ್ತದೆ. ದೊಡ್ಡ ಚಕ್ರವನ್ನು ತಿರುಗಿಸಲು ಎಂಜಿನ್ನಿಗೆ, ನಿಲ್ಲಿಸಲು ಬ್ರೇಕಿಗೆ ಹೆಚ್ಚು ಶ್ರಮ. ಅಳತೆಯ ಮುಂದಿನ ಅಂಕಿ ಮತ್ತು ಅಕ್ಷರ ಭಾರ ಹಾಗೂ ವೇಗದ ಮಿತಿ: 111 ಎಂದರೆ ಒಂದು ಟೈರಿಗೆ 1090 ಕಿಲೊ, ಎಸ್ ಎಂದರೆ ಗಂಟೆಗೆ 180 ಕಿಲೊಮೀಟರು. ಗಾಡಿ ಮಾಡಿದವರು ಹೇಳಿದ ಮಿತಿಗಿಂತ ಇವು ಕಡಿಮೆಯಾಗಬಾರದು.

ವಯಸ್ಸೂ ಅಲ್ಲೇ ಬರೆದಿದೆ. ನಾಲ್ಕಂಕಿಯಲ್ಲಿ 2324 ಎಂದಿದ್ದರೆ ಅದು 2024ರ 23ನೆಯ ವಾರದಲ್ಲಿ ತಯಾರಾದದ್ದು. ರಬ್ಬರು ಓಡದೆ ನಿಂತಲ್ಲೇ ಬಿಸಿಲು ಗಾಳಿಗೆ ಬಿರುಸಾಗುತ್ತದೆ. ವರ್ಷಕ್ಕೆ ನಾಲ್ಕು ಸಲ ಹೊರಬರುವ ಜೀಪಿನ ಟೈರು ಕಣ್ಣಿಗೆ ಹೊಸದಾಗಿ ಕಂಡರೂ ಒಳಗೆ ಮುದಿಯಾಗಿರಬಹುದು. ತೋಡಿನ ಆಳ 1.6 ಮಿಲಿಮೀಟರಿಗೆ ಇಳಿದರೆ ನಮ್ಮ ಮೋಟಾರು ವಾಹನ ನಿಯಮದಂತೆ ಕಾರು ಜೀಪುಗಳ ಟೈರಿನ ಆಯುಸ್ಸು ಮುಗಿದಂತೆ. ಮಳೆಯ ನಾಡಿನಲ್ಲಿ ಅಷ್ಟರವರೆಗೆ ಕಾಯದಿರುವುದೇ ಲೇಸು.

ಹಾಗಾದರೆ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಯಾವುದು? ಯಾವ ಟೈರು ಶ್ರೇಷ್ಠ ಎಂಬುದಲ್ಲ, ನನ್ನ ಗಾಡಿ ಹೆಚ್ಚಾಗಿ ಯಾವ ನೆಲ ತುಳಿಯುತ್ತದೆ ಎಂಬುದು. ಹತ್ತರಲ್ಲಿ ಒಂಬತ್ತು ಪಾಲು ಟಾರಿನ ಮೇಲೆ ಓಡುವ ಗಾಡಿಗೆ ಎಚ್.ಟಿ. ಸಾಕು. ಮನೆಯಿಂದ ಹೆದ್ದಾರಿಗೆ ಬರಲು ಮಣ್ಣಿನ ದಾರಿ ದಾಟಲೇಬೇಕಾದವರಿಗೆ ಎ.ಟಿ. ತೋಟ, ಕಾಡು, ಕೆಸರೇ ದಿನನಿತ್ಯದ ಕೆಲಸವಾದವರಿಗೆ ಎಂ.ಟಿ.; ಅವರು ಟಾರಿಗೆ ಬಂದಾಗ ನಿಧಾನವಾಗಿ ಓಡಿಸುವುದನ್ನೂ ಅದರ ಬೆಲೆಯೊಳಗೇ ಸೇರಿಸಿಕೊಳ್ಳಬೇಕು. ಗದ್ದೆಗೆ ಇಳಿಯುವ ರೈತ ಮೆಟ್ಟನ್ನು ಬದುವಿನ ಮೇಲೆ ಬಿಡುತ್ತಾನೆ, ಮುಳ್ಳಿನ ಹಾದಿ ಬಂದಾಗ ಮತ್ತೆ ಮೆಟ್ಟುತ್ತಾನೆ. ಜೀಪಿಗೆ ಆ ಅನುಕೂಲವಿಲ್ಲ, ಒಂದೇ ಮೆಟ್ಟಿನಲ್ಲಿ ಅದು ಎಲ್ಲ ಹಾದಿಯನ್ನೂ ನಡೆಯಬೇಕು. ಅದರ ಪರವಾಗಿ ನೆಲವನ್ನು ನೋಡಿ ಆರಿಸುವ ಹೊಣೆ ಒಡೆಯನದು.