ಬೋರ್ಡು ಹೈಸ್ಕೂಲು: ಪುತ್ತೂರು ಸೀಮೆಯ ಒಂದು ಶಾಲೆಯ ಕೀರ್ತಿ

ಪುತ್ತೂರು ಪೇಟೆಯ ಅಂಚಿನ ಕೊಂಬೆಟ್ಟಿನಲ್ಲಿರುವ ಸರಕಾರಿ ಪದವಿಪೂರ್ವ ಕಾಲೇಜಿನ ಪ್ರೌಢಶಾಲೆಯನ್ನು ಹಿರಿಯರು ಇಂದಿಗೂ ‘ಬೋರ್ಡು ಹೈಸ್ಕೂಲು’ ಎಂದೇ ಕರೆಯುತ್ತಾರೆ. ಆ ಬೋರ್ಡು ಮದರಾಸು ಆಧಿಪತ್ಯದ ಕಾಲದ ಜಿಲ್ಲಾ ಬೋರ್ಡು. 1956ರಲ್ಲಿ ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೆ ಸೇರಿತು; ಕೆಲವೇ ವರ್ಷಗಳಲ್ಲಿ ಬೋರ್ಡು ಇಲ್ಲವಾಯಿತು. ಸಂಸ್ಥೆ ಅಳಿದು ಹೆಸರು ಉಳಿಯುವುದು ಜನಪದರಲ್ಲಿ ಸಾಮಾನ್ಯವೇ. ಇಲ್ಲಿ ಹೆಸರಿನೊಡನೆ ಒಂದು ಕೀರ್ತಿಯೂ ಉಳಿದಿದೆ. ಅದರ ಸ್ವರೂಪವೇನೆಂಬುದು ವಿಚಾರಾರ್ಹ.

ಊರ ಹೆಸರನ್ನೇ ಮೊದಲು ನೋಡಬಹುದು. ತುಳುನಾಡಿನ ಬೇಸಾಯದಲ್ಲಿ ಗದ್ದೆಗಳು ಬೈಲು, ಮಜಲು, ಬೆಟ್ಟು ಎಂದು ಮೂರು ಬಗೆ. ಬೆಟ್ಟು ಎಂದರೆ ಮಳೆಯನ್ನೇ ನಂಬಿದ, ಒಂದೇ ಬೆಳೆಯ ಎತ್ತರದ ಭೂಮಿ. ಫಲವತ್ತಾದ ಬೈಲನ್ನು ಶಾಲೆಗೆಂದು ಯಾರೂ ಬಿಟ್ಟುಕೊಡುವುದಿಲ್ಲವಷ್ಟೆ!

ಅಂದಿನ ಪುತ್ತೂರು ತಾಲೂಕು ಇಂದಿನಂತೆ ಕಿರಿದಲ್ಲ. ಸುಳ್ಯವು ಪ್ರತ್ಯೇಕ ತಾಲೂಕಾದದ್ದು 1960ರ ದಶಕದಲ್ಲಿ. ಕಡಬವಾದದ್ದು ಈ ಶತಮಾನದ ಎರಡನೆಯ ದಶಕದಲ್ಲಿ. ಘಟ್ಟದ ಬುಡದವರೆಗೆ ಹರಡಿದ ಆ ಸೀಮೆಯ ಮಕ್ಕಳಿಗೆ ಪ್ರಾಥಮಿಕ ಶಾಲೆ ಊರಲ್ಲೇ ಸಿಕ್ಕರೂ ಹೈಸ್ಕೂಲು ದೂರದ ಮಾತಾಗಿತ್ತು. ಮಳೆಗಾಲದಲ್ಲಿ ಕುಮಾರಧಾರೆ, ಪಯಸ್ವಿನಿಗಳು ತುಂಬಿದರೆ ದಾರಿಯೇ ಇಲ್ಲ. ಆದ್ದರಿಂದ ಪೇಟೆಯಲ್ಲಿ ನೆಂಟರ ಮನೆಯಿದ್ದವನು, ಊಟಕ್ಕೊಂದು ವ್ಯವಸ್ಥೆಯಿದ್ದವನು, ಶುಲ್ಕ ತೆರಬಲ್ಲವನು ಮಾತ್ರ ಓದಿದ. ‘ಬೋರ್ಡು ಹೈಸ್ಕೂಲಿನಲ್ಲಿ ಕಲಿತವರು’ ಎಂಬ ಮಾತಿನ ಗೌರವವು ಕಲಿಸಿದವರ ಶ್ರದ್ಧೆಗೆ ಎಷ್ಟು ಸಲ್ಲುತ್ತದೆಯೋ ಈ ಜರಡಿಗೂ ಅಷ್ಟೇ ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. ಗೇಣಿದಾರರ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಈ ಕೀರ್ತಿಕಥನದಲ್ಲಿ ಕಾಣಸಿಗುವುದು ಅಪರೂಪ.

ಪುತ್ತೂರಿನ ವಿದ್ಯಾಕೀರ್ತಿಯ ಹಿಂದೆ ಇಬ್ಬರ ಹೆಸರು ಸದಾ ಕೇಳಿಬರುತ್ತದೆ. ವಕೀಲರಾಗಿದ್ದ ಮೊಳಹಳ್ಳಿ ಶಿವರಾಯರು (1880–1967) 1909ರಲ್ಲಿ ಇಲ್ಲಿ ಸಹಕಾರಿ ಸಂಘವನ್ನು ಕಟ್ಟಿ, ಊರಿನ ಶಾಲೆಗಳಿಗೂ ಒತ್ತಾಸೆಯಾದರು. ಅವರ ಆಶ್ರಯದಲ್ಲಿ ಪುತ್ತೂರಿಗೆ ಬಂದ ಶಿವರಾಮ ಕಾರಂತರು ನೆಲ್ಲಿಕಟ್ಟೆಯ ಶಾಲೆಯಲ್ಲಿ ಮಕ್ಕಳಿಂದ ನಾಟಕವಾಡಿಸಿದರು, ಬಾಲವನವನ್ನು ಕಟ್ಟಿದರು. ಅಸಹಕಾರ ಚಳವಳಿಯಲ್ಲಿ ಕಾಲೇಜು ತೊರೆದ, ಪರೀಕ್ಷೆಯ ಓದನ್ನು ಕಟುವಾಗಿ ಟೀಕಿಸಿದ ವ್ಯಕ್ತಿಯನ್ನು ಪರೀಕ್ಷಾ ಫಲಿತಾಂಶದಿಂದಲೇ ತನ್ನ ಶಾಲೆಗಳನ್ನು ಅಳೆಯುವ ಊರು ಹೆಮ್ಮೆಯಿಂದ ನೆನೆಯುತ್ತದೆ. ಈ ವಿರೋಧಾಭಾಸ ಊರವರಿಗೆ ತಟ್ಟಿದಂತಿಲ್ಲ.

1974ರ ಭೂಸುಧಾರಣೆಯ ಬಳಿಕ ಗೇಣಿ ಒಕ್ಕಲಿನ ಮನೆಗಳಿಂದಲೂ ಮಕ್ಕಳು ಹೈಸ್ಕೂಲಿನ ಮೆಟ್ಟಿಲೇರಿದರು. ಹಳ್ಳಿಗಳಲ್ಲೇ ಪ್ರೌಢಶಾಲೆಗಳಾದವು; 1976ರಲ್ಲಿ ಕುರುಂಜಿ ವೆಂಕಟರಮಣ ಗೌಡರ ಮುಂದಾಳುತನದಲ್ಲಿ ಸುಳ್ಯಕ್ಕೆ ಕಾಲೇಜೂ ಬಂತು. ಜರಡಿಯ ಕಣ್ಣು ಅಗಲವಾಯಿತು. ಅನುಕೂಲಸ್ಥರು ಆಂಗ್ಲಮಾಧ್ಯಮದತ್ತ ಸರಿದರು. ‘ಹಿಂದಿನ ಮಟ್ಟ ಈಗಿಲ್ಲ’ ಎಂಬ ಮಾತು ಹುಟ್ಟಿಕೊಂಡದ್ದೂ ಈ ಬದಲಾವಣೆಗಳ ನಡುವೆಯೇ ಎಂಬುದನ್ನು ಮರೆಯಲಾಗದು.

ಶಾಲೆಯ ಅಂಗಳದಲ್ಲಿ ತುಳು, ಅರೆಭಾಷೆ, ಹವ್ಯಕ ಕನ್ನಡ, ಕೊಂಕಣಿ, ಬ್ಯಾರಿ. ತರಗತಿಯೊಳಗೆ ಮಾತ್ರ ಗ್ರಾಂಥಿಕ ಕನ್ನಡ ಇಲ್ಲವೆ ಇಂಗ್ಲಿಷ್. 2010ರಲ್ಲಿ ತುಳುವಿಗೆ ಐಚ್ಛಿಕ ತೃತೀಯ ಭಾಷೆಯ ಸ್ಥಾನ ದೊರೆಯಿತು. ಅದನ್ನು ಮೊದಲು ಕೈಗೆತ್ತಿಕೊಂಡ ಶಾಲೆಗಳಲ್ಲಿ ಇಂದಿನ ಕಡಬ ತಾಲೂಕಿನ ರಾಮಕುಂಜದ ಪ್ರೌಢಶಾಲೆಯೂ ಒಂದು.